ಗ್ದಾನ್ಸ್ಕ್‌ನಲ್ಲಿ ಕುಳಿತು ಹಾರವಾಡದ ದೋಣಿಗೆ ಹೆದರಿದ್ದು

ರೆಕ್ಕೆಯ ಪಕ್ಕದ ಸೀಟು

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾರವಾರದ ಹಬ್ಬುವಾಡದ ನಮ್ಮ ಮನೆಯಲ್ಲಿ ಗ್ಯಾಸಿನ ಗುಬುಟನ್ನು ಮತ್ತೆ ಮತ್ತೆ ಮುಟ್ಟಿ ನೋಡದೆ ನಾನು ಬೀಗ ಹಾಕಿದ್ದಿಲ್ಲ. ಗಂಡ ಕೈಗಾಕ್ಕೆ ಹೋಗುವ ಕಂಪನಿ ಬಸ್ಸು ಹತ್ತಿದ ಮೇಲೆ ಫೋನು ಮಾಡಿ, ಹತ್ತಿದಿರಾ ಎಂದು ಕೇಳುವವಳು. ಅಂಥವಳನ್ನು ನಮ್ಮ ಡಿಪ್ಲೊಮಾ ಕಾಲೇಜಿನವರು ಮೂರು ವಾರದ ತರಬೇತಿಗೆಂದು ಪೋಲೆಂಡ್ ದೇಶದ ಗ್ದಾನ್ಸ್ಕ್ ಎಂಬ ಬಂದರು ಊರಿಗೆ ಅಟ್ಟಿದರು. ಮೊದಲು ಹೋಗಬೇಕಿದ್ದವರಿಗೆ ಮಗಳ ಮದುವೆ ಬಂತು, ಅವರ ನಂತರದವರಿಗೆ ಬೆನ್ನುನೋವು ಬಂತು. ಉಳಿದವಳು ಮೆಕ್ಯಾನಿಕಲ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಆದ ನಾನು.

ತರಬೇತಿ ಯಾವುದರ ಬಗ್ಗೆ ಎಂದರೆ, ಪದರದ ಮೇಲೆ ಪದರ ಅಂಟಿಸಿ ಮಾಡಿದ ವಸ್ತುಗಳ ಒಳಗೆ ಆದ, ಕಣ್ಣಿಗೆ ಕಾಣದ ಪೆಟ್ಟನ್ನು ಹುಡುಕುವುದು. ನಮ್ಮ ಕಡೆ ಫೈಬರ್ ದೋಣಿ ಅನ್ನುತ್ತೇವಲ್ಲ, ಅದೂ ಇದೇ ಜಾತಿ. ಗಾಜಿನ ನೂಲಿನ ಚಾಪೆ ಹಾಸಿ, ಅಂಟು ಸುರಿದು, ಮತ್ತೆ ಚಾಪೆ ಹಾಸಿ ಗಟ್ಟಿ ಮಾಡುತ್ತಾರೆ. ಈಗಿನ ದೊಡ್ಡ ವಿಮಾನಗಳ ರೆಕ್ಕೆಗಳನ್ನೂ ಇದೇ ರೀತಿ, ಗಾಜಿನ ಬದಲು ಇಂಗಾಲದ ನೂಲಿನಲ್ಲಿ ಮಾಡುತ್ತಾರೆಂದು ಹೊರಡುವ ಮೊದಲು ಓದಿಕೊಂಡಿದ್ದೆ. ಓದಬಾರದಿತ್ತು. ನನಗೆ ಸಿಕ್ಕಿದ್ದು ಸರಿಯಾಗಿ ರೆಕ್ಕೆಯ ಪಕ್ಕದ ಕಿಟಕಿ. ಹೆದರಿದವರ ಮೇಲೆ ಹಾವು ಎಸೆದ ಹಾಗೆ ಆಯಿತು. ಮೋಡದೊಳಗೆ ಹೊಕ್ಕಾಗ ಆ ರೆಕ್ಕೆ ಅಡಿಕೆ ದಬ್ಬೆಯಂತೆ ಮೇಲೆ ಕೆಳಗೆ ಬಾಗುತ್ತಿತ್ತು. ಪಕ್ಕದಲ್ಲಿದ್ದ ಮುದುಕರು ನನ್ನ ಮುಖ ನೋಡಿ ಒಂದು ಪೆಪ್ಪರಮೆಂಟು ಕೊಟ್ಟರು. ಅದನ್ನು ಬಾಯಿಗೆ ಹಾಕಿಕೊಳ್ಳಲೂ ಧೈರ್ಯವಾಗದೆ ಕೈಯಲ್ಲೇ ಹಿಡಿದು ಕುಳಿತೆ. ವಿಮಾನ ಗ್ದಾನ್ಸ್ಕ್‌ನಲ್ಲಿ ನೆಲ ಮುಟ್ಟಿದಾಗ ಒಳಗಿದ್ದವರಲ್ಲಿ ಬಹಳ ಜನ ಚಪ್ಪಾಳೆ ತಟ್ಟಿದರು. ಇವರೂ ಹೆದರಿದ್ದರು ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು.

ಹಲೀನಾ ಅವರ ಮನೆ

ನಾನು ಉಳಿದುಕೊಂಡದ್ದು ಹಲೀನಾ ಎಂಬ ವಿಧವೆಯ ಮನೆಯ ಒಂದು ಕೋಣೆಯಲ್ಲಿ. ಬಾಗಿಲಲ್ಲಿ ನಾನು ಕೈ ಚಾಚಿದರೆ ಆಕೆ ಕೈ ಹಿಂದೆ ಎಳೆದುಕೊಂಡರು. ಮುಖ ಕೆಂಪಾಯಿತು ನನಗೆ. ಆಮೇಲೆ ನನ್ನ ತೋಳು ಹಿಡಿದು ಒಳಗೆ ಎಳೆದು, ಹೊಸ್ತಿಲು ದಾಟಿಸಿ, ಕೈ ಕುಲುಕಿದರು. ಹೊಸ್ತಿಲ ಮೇಲೆ ಕೊಟ್ಟು ತೆಗೆದುಕೊಳ್ಳುವುದು ಅವರಿಗೂ ಆಗದಂತೆ. ಚಪ್ಪಲಿ ಹೊರಗೆ ಬಿಡಬೇಕಂತೆ, ಬಂದವರಿಗೆಂದು ಬಟ್ಟೆಯ ಚಪ್ಪಲಿಗಳ ಸಾಲೇ ಇತ್ತು. ಇಷ್ಟು ದೂರ ಬಂದು ನನ್ನ ಅತ್ತೆಯ ಕೈಗೇ ಸಿಕ್ಕಿದೆನೇ ಎಂದುಕೊಂಡೆ. ರೈ ಎಂಬ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಮಾಡಿದ ಒಂದು ಸಾರು ಬಡಿಸಿದರು. ಅದರ ಹುಳಿಗೆ ಬಾಯಿ ಒಗ್ಗಿತು. ಅದರಲ್ಲಿ ತೇಲುತ್ತಿದ್ದ ಮೊಟ್ಟೆಗೂ ಒಗ್ಗಿತು.

ಇನ್ನೊಂದು ಅಭ್ಯಾಸ ನೋಡಿದೆ. ಒಳ್ಳೆಯ ಮಾತು ಆಡಿದ ಕೂಡಲೆ ಇವರು ಬಣ್ಣ ಹಚ್ಚದ ಮರವನ್ನು ಕುಟ್ಟುತ್ತಾರೆ, ದೃಷ್ಟಿಯಾಗಬಾರದೆಂದು. ಬಣ್ಣ ಹಚ್ಚಿದ ಮರ ಉಪಯೋಗವಿಲ್ಲ. ನಿಮ್ಮ ಗಂಡ, ಮಕ್ಕಳು ಕ್ಷೇಮವೇ ಎಂದು ಹಲೀನಾ ಕೇಳಿದರು, ಕ್ಷೇಮ ಎಂದೆ. ಆಕೆ ತಕ್ಷಣ ಬಗ್ಗಿ ಮೇಜಿನ ಅಡಿಭಾಗವನ್ನು ಕುಟ್ಟಿದರು. ನಾನೂ ಬಗ್ಗಿ ಕುಟ್ಟಿದೆ. ಹೆದರುವವರಿಗೆ ಇಂಥದ್ದು ಕಲಿಯಲು ಹೊತ್ತು ಬೇಕಾಗುವುದಿಲ್ಲ.

ಮೊದಲ ದಿನವೇ ಟ್ರಾಮಿನಲ್ಲಿ ಸಿಕ್ಕಿಬಿದ್ದೆ. ಟಿಕೆಟು ಕೊಂಡಿದ್ದೆ, ಪರ್ಸಿನಲ್ಲಿ ಜೋಪಾನವಾಗಿ ಮಡಚಿ ಇಟ್ಟಿದ್ದೆ. ಹತ್ತಿದ ಮೇಲೆ ಅದನ್ನು ಕಂಬಕ್ಕೆ ಸಿಕ್ಕಿಸಿದ ಯಂತ್ರದ ಬಾಯಿಗೆ ಕೊಟ್ಟು ಮುದ್ರೆ ಒತ್ತಿಸಬೇಕೆಂದು ಯಾರಿಗೆ ಗೊತ್ತು? ಕಾರವಾರ–ಅಂಕೋಲಾ ಬಸ್ಸಿನಲ್ಲಾದರೆ ಕಂಡಕ್ಟರೇ ಬಂದು ಹರಿದು ಕೊಡುತ್ತಾನೆ, ನಾಲ್ಕು ಮಾತೂ ಆಡುತ್ತಾನೆ. ಇಲ್ಲಿ ತಪಾಸಣೆಯವನು ನಗಲಿಲ್ಲ, ಬೈಯಲೂ ಇಲ್ಲ. ನಾನು ಬಿಡಿಸಿ ತೋರಿಸಿದ ಟಿಕೆಟನ್ನು ತಾನೇ ಯಂತ್ರಕ್ಕೆ ತೂರಿಸಿ ವಾಪಸು ಕೊಟ್ಟು ಇಳಿದುಹೋದ.

ಲ್ಯಾಬು

ಲ್ಯಾಬಿನಲ್ಲಿ ನನಗೆ ಕಲಿಸಲು ಇದ್ದವರು ಮಾರೆಕ್ ಎಂಬ ಎಂಜಿನಿಯರು. ಎತ್ತರದ ಆಸಾಮಿ, ಮಾತು ಕಡಿಮೆ. ಮೊದಲ ಪಾಠಕ್ಕೆ ಒಂದು ಫೈಬರ್ ಹಲಗೆ ತಂದು ಅದರ ಮೇಲೆ ಕಬ್ಬಿಣದ ಗುಂಡು ಬೀಳಿಸಿದರು. ಹೆಚ್ಚು ಎತ್ತರದಿಂದೇನೂ ಅಲ್ಲ. ನಂತರ ಹಲಗೆ ನನ್ನ ಕೈಗೆ ಕೊಟ್ಟು, ಪೆಟ್ಟು ಎಲ್ಲಿ ಬಿದ್ದಿದೆ ತೋರಿಸಿ ಎಂದರು. ಬೆರಳಿಂದ ಸವರಿದೆ, ಬೆಳಕಿಗೆ ಓರೆಯಾಗಿ ಹಿಡಿದೆ. ಏನೂ ಇಲ್ಲ. ಬಣ್ಣ ಕೂಡ ಕೆತ್ತಿರಲಿಲ್ಲ. ಆಮೇಲೆ ಅದೇ ಹಲಗೆಯನ್ನು ಗರಗಸದಲ್ಲಿ ಕೊಯ್ದು ಅಂಚನ್ನು ತೋರಿಸಿದರು. ಮೇಲಿನ ಪದರ ಸರಿಯಾಗಿತ್ತು. ಒಳಗಿನ ಪದರಗಳು ಒಂದನ್ನೊಂದು ಬಿಟ್ಟು ಬಾಯಿ ತೆರೆದಿದ್ದವು, ಕೆಳಗೆ ಹೋದಂತೆ ಬಿರುಕು ಅಗಲವಾಗಿತ್ತು. ಮೇಲೆ ಥಳಕು ಒಳಗೆ ಹುಳುಕು ಎಂದು ನಮ್ಮಲ್ಲಿ ಮನುಷ್ಯರಿಗೆ ಹೇಳುತ್ತೇವೆ. ಅದು ಹಲಗೆಗೂ ಹೊಂದುತ್ತದೆಂದು ಅವತ್ತು ತಿಳಿಯಿತು.

ಕೊಯ್ಯದೆ ಇದನ್ನು ತಿಳಿಯುವುದೇ ಅವರ ಕಸುಬು. ಹಲಗೆಯ ಮೇಲೆ ಗುಂಡಿಯಷ್ಟು ಚಿಕ್ಕ ಬಿಲ್ಲೆಗಳನ್ನು ಅಂಟಿಸುತ್ತಾರೆ. ಒಂದು ಬಿಲ್ಲೆ ಸಣ್ಣಗೆ ನಡುಗಿ ಅಲೆ ಹುಟ್ಟಿಸುತ್ತದೆ. ಆ ಅಲೆ ಹಲಗೆಯ ಎರಡು ಮೈಗಳ ನಡುವೆ ಸಿಕ್ಕಿಕೊಂಡು, ಬೇರೆ ದಾರಿ ಇಲ್ಲದೆ ಹಲಗೆಯ ಉದ್ದಕ್ಕೂ ಓಡುತ್ತದೆ. ದೂರದ ಇನ್ನೊಂದು ಬಿಲ್ಲೆ ಅದನ್ನು ಹಿಡಿಯುತ್ತದೆ. ದಾರಿಯಲ್ಲಿ ಪದರ ಬಿಟ್ಟಿದ್ದರೆ ಅಲೆ ತಡವಾಗಿ ಬರುತ್ತದೆ, ಸೋತು ಬರುತ್ತದೆ, ಕೆಲವೊಮ್ಮೆ ಒಡೆದು ಎರಡಾಗಿ ಬರುತ್ತದೆ. ರಂಪಣಿ ಬಲೆಯ ಹಗ್ಗ ಹಿಡಿದು ದಡದಲ್ಲಿ ನಿಂತವರಿಗೆ ಬಲೆಯೊಳಗೆ ಏನಾಗುತ್ತಿದೆಯೆಂದು ಕೈಯಲ್ಲೇ ಗೊತ್ತಾಗುತ್ತದಲ್ಲ, ಹಾಗೆ.

ಆದರೆ ಒಂದು ಷರತ್ತು ಇದೆ ಎಂದರು ಮಾರೆಕ್. ಕೆಟ್ಟ ಜಾಗದ ಅಲೆಯನ್ನು ಗುರುತಿಸಬೇಕಾದರೆ ಒಳ್ಳೆಯ ಜಾಗದ ಅಲೆ ಹೇಗಿರುತ್ತದೆಂದು ಗೊತ್ತಿರಬೇಕು. ಪೆಟ್ಟು ತಿನ್ನದ, ಅದೇ ಥರದ ಇನ್ನೊಂದು ತುಂಡು ಬೇಕು, ಹೋಲಿಸಲು. ಅದಿಲ್ಲದಿದ್ದರೆ ಯಂತ್ರವೂ ಊಹೆ ಮಾಡುತ್ತದೆ. ನಾವು ನೋಡಿಕೊಟ್ಟ ಯಾವ ರೆಕ್ಕೆಯೂ ಇದುವರೆಗೆ ಮುರಿದಿಲ್ಲ ಎಂದೂ ಹೇಳಿದರು. ಹೇಳಿ, ಕುಟ್ಟಲು ಮರ ಹುಡುಕಿದರು. ಆ ಲ್ಯಾಬಿನಲ್ಲಿ ಎಲ್ಲವೂ ಪ್ಲಾಸ್ಟಿಕ್ಕು, ಕಬ್ಬಿಣ, ಫೈಬರ್. ಕಡೆಗೆ ಮೂಲೆಯ ಪೊರಕೆಯ ಕೋಲನ್ನು ಹೋಗಿ ಕುಟ್ಟಿ ಬಂದರು.

ಶನಿವಾರ, ಸಮುದ್ರ

ವಾರದ ಕೊನೆಗೆ ಮಾರೆಕ್ ನನ್ನನ್ನು ಸಮುದ್ರ ನೋಡಲು ಕರೆದುಕೊಂಡು ಹೋದರು. ಇವರ ಬಾಲ್ಟಿಕ್ ಸಮುದ್ರಕ್ಕೆ ಉಪ್ಪು ಕಡಿಮೆ, ಭರತ–ಇಳಿತವೂ ಇಲ್ಲವೆನ್ನುವಷ್ಟು. ಕಾಳಿ ನದಿಯ ಬಾಯಿಯಲ್ಲಿ, ದೇವಬಾಗದ ಕಡೆ ನಿಂತವರಿಗೆ ಇದು ದೊಡ್ಡ ಕೆರೆಯಂತೆ ಕಾಣುತ್ತದೆ. ನಾನು ಹಾಗೆ ಹೇಳಲಿಲ್ಲ. ಅವರವರ ಸಮುದ್ರ ಅವರವರಿಗೆ ದೊಡ್ಡದು.

ಅಲ್ಲಿ ಒಂದು ಹೊಸ ದೋಣಿಯನ್ನು ನೀರಿಗೆ ಇಳಿಸುತ್ತಿದ್ದರು. ಬಿಳಿ ಫೈಬರ್ ದೋಣಿ, ಹೂವಿನ ಹಾರ, ಮನೆಮಂದಿಯೆಲ್ಲ ಇದ್ದರು. ಹೊಸ ಹಡಗಿನ ಮೂತಿಗೆ ವೈನಿನ ಬಾಟಲಿ ಒಡೆಯುವುದು ಇವರ ಪದ್ಧತಿಯೆಂದು ಕೇಳಿದ್ದೆ, ಅದಕ್ಕೇ ಮುಂದೆ ಹೋಗಿ ನಿಂತೆ. ಮನೆಯ ಹೆಂಗಸು ಬಾಟಲಿ ಎತ್ತಿಕೊಂಡರು. ದೋಣಿಗೆ ಬಡಿಯಲಿಲ್ಲ. ಪಕ್ಕದಲ್ಲಿ ಇಟ್ಟಿದ್ದ ಲಂಗರಿನ ಕಬ್ಬಿಣಕ್ಕೆ ಬಡಿದು ಒಡೆದು, ಉಳಿದದ್ದನ್ನು ಮೂತಿಯ ಮೇಲೆ ಸುರಿದರು. ದೋಣಿಗೇ ಯಾಕೆ ಒಡೆಯಲಿಲ್ಲ ಎಂದು ಮಾರೆಕ್‌ರನ್ನು ಕೇಳಿದೆ. ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಫೈಬರ್ ದೋಣಿಗೆ ಯಾರಾದರೂ ಬೇಕೆಂದು ಹೊಡೆಯುತ್ತಾರೆಯೇ ಎಂದರು.

ನಾವು ಹೊಡೆಯುತ್ತೇವೆ.

ಅಂಕೋಲಾ ಹತ್ತಿರದ ಹಾರವಾಡ ನನ್ನ ತವರು. ನನ್ನ ತಮ್ಮ ಮಂಜು ಅಲ್ಲಿ ಫೈಬರ್ ದೋಣಿಯಲ್ಲಿ ಮೀನಿಗೆ ಹೋಗುತ್ತಾನೆ. ಮಳೆಯ ಬಿರುಸು ಇಳಿದು ನೂಲು ಹುಣ್ಣಿಮೆ ಬಂದರೆ ಸಮುದ್ರಕ್ಕೆ ಕಾಯಿ ಬಿಟ್ಟು ದೋಣಿ ಇಳಿಸುವುದು ನಮ್ಮ ಕಡೆಯ ರೂಢಿ. ನಮ್ಮ ಕೇರಿಯಲ್ಲಿ ಇನ್ನೂ ಒಂದಿದೆ. ದೋಣಿಯ ಮೂತಿಯ ಬಲಗೆನ್ನೆಗೆ ಕುಂಕುಮ ಇಟ್ಟು, ಆ ಕುಂಕುಮದ ಮೇಲೇ ತೆಂಗಿನಕಾಯಿ ಬಡಿದು ಒಡೆಯಬೇಕು. ಒಂದೇ ಏಟಿಗೆ ಒಡೆಯಬೇಕು, ಇಲ್ಲದಿದ್ದರೆ ಶಕುನ ಒಳ್ಳೆಯದಲ್ಲ. ಅದಕ್ಕೇ ಈ ಕೆಲಸಕ್ಕೆ ಗಟ್ಟಿ ಕೈಯವರು ಬೇಕು. ನನ್ನ ಸೋದರಮಾವ ಪುರ್ಸು ಮಾವನ ಕೈ ಅಂಥದ್ದು. ಅವರ ಏಟಿಗೆ ಒಡೆಯದ ಕಾಯಿ ಇಲ್ಲವೆಂದು ಹಾರವಾಡಕ್ಕೆಲ್ಲ ಹೆಮ್ಮೆ. ಅಜ್ಜನ ಕಾಲದ ಮರದ ದೋಣಿಗೆ ಆ ಜಾಗದಲ್ಲಿ ದಪ್ಪ ಹಲಗೆ ಇತ್ತು, ಅದು ತಡೆಯುತ್ತಿತ್ತು. ದೋಣಿ ಫೈಬರ್ ಆಯಿತು, ಪದ್ಧತಿ ಮರದ್ದೇ ಉಳಿಯಿತು. ವರ್ಷ ವರ್ಷ ಅದೇ ಕುಂಕುಮ, ಅದೇ ಜಾಗ, ಅದೇ ಕೈ. ವರ್ಷ ವರ್ಷ ಅದರ ಮೇಲೆ ಹೊಸ ಬಣ್ಣ. ಒಳಗಿನಿಂದ ನೋಡೋಣವೆಂದರೆ ಮೂತಿಯೊಳಗೆ ದೋಣಿ ತೇಲಲೆಂದು ಬಿಟ್ಟ ಖಾಲಿ ಪೆಟ್ಟಿಗೆಯನ್ನು ಮುಚ್ಚಿ ಅಂಟಿಸಿರುತ್ತಾರೆ.

ಅಲೆಯನ್ನು ಮೊದಲು ಎದುರಿಸುವುದೇ ಆ ಕೆನ್ನೆ. ನನಗೆ ಆ ದಡದಲ್ಲಿ ನಿಂತೇ ಕಂಡದ್ದು ಗರಗಸದಲ್ಲಿ ಕೊಯ್ದ ಹಲಗೆಯ ಅಂಚು, ಅದರ ಹಿಂದೆ ನನ್ನ ತಮ್ಮನ ಮುಖ.

ಫೋನು

ಹುಣ್ಣಿಮೆಗೆ ಇನ್ನೂ ಕೆಲವು ದಿನವಿತ್ತು. ಮಂಜುವಿಗೆ ಫೋನು ಮಾಡಿ ಎಲ್ಲ ಬಿಡಿಸಿ ಹೇಳಿದೆ. ಬಲಗೆನ್ನೆಯ ಪದರ ಒಳಗೆ ಬಿಟ್ಟಿರಬಹುದು, ಈ ವರ್ಷ ಕಾಯಿಯನ್ನು ಬರೀ ನೀರಿಗೆ ಬಿಡಿ, ನಾನು ಬರುವ ತನಕ ದೋಣಿ ಇಳಿಸಬೇಡ ಎಂದು ಬೇಡಿಕೊಂಡೆ. ಅವನು ನಕ್ಕ.

"ಅಕ್ಕಾ, ನೀ ಅಲ್ಲಿ ಕೂತ್ಕಂಡು ಇಲ್ಲಿ ದೋಣಿ ಒಡೀಬೇಡ."

ಮಾವನ ಕೈಗೆ ಫೋನು ಕೊಟ್ಟ. ಮಾವ ನಗಲಿಲ್ಲ. ಅವರ ದನಿಯಲ್ಲಿ ನೋವಿತ್ತು.

"ದೇವ್ರ ಕಾಯಿ ಬಡಿದು ದೋಣಿ ಒಡೀತದೆ ಅಂದ್ರೆ, ದೇವ್ರು ಎಂತಕೆ ಬೇಕು ತಂಗೀ?"

ಫೋನು ಇಟ್ಟೆ. ಮಾರೆಕ್‌ಗೆ ಹೇಳಿದಾಗ ಅವರು, ಇಲ್ಲಿಂದ ಏನೂ ಹೇಳಲಾಗದು ಎಂದರು. ಆದರೆ ದೋಣಿಗೆ ಎರಡು ಕೆನ್ನೆ ಇವೆ. ಎಡಗೆನ್ನೆ ಒಂದೂ ಪೆಟ್ಟು ತಿಂದಿಲ್ಲ. ಅದೇ ಅಚ್ಚಿನಲ್ಲಿ, ಅದೇ ಪದರಗಳಲ್ಲಿ ಆದದ್ದು. ಎರಡಕ್ಕೂ ಬಿಲ್ಲೆ ಅಂಟಿಸಿ ಅಲೆ ಓಡಿಸಿ ಹೋಲಿಸಿದರೆ ಸತ್ಯ ಗೊತ್ತಾಗುತ್ತದೆ ಎಂದರು. ನಮ್ಮ ಕಾಲೇಜಿಗೆಂದು ಕೊಡಬೇಕಿದ್ದ ಹಳೆಯ ಯಂತ್ರವೊಂದು ಇತ್ತು, ಊಟದ ಡಬ್ಬಿಯಷ್ಟು ದೊಡ್ಡದು. ಅದನ್ನು ಹೊರಡುವ ದಿನ ಕೊಡುವುದಾಗಿ ಹೇಳಿದರು. ಅವತ್ತು ನನಗೆ ಸ್ವಲ್ಪ ನಿದ್ದೆ ಬಂತು.

ಹುಣ್ಣಿಮೆಯ ದಿನ ಮಂಜು ವೀಡಿಯೊ ಕಳಿಸಿದ. ಹಾರವಾಡದ ದಂಡೆ, ಹೆಂಗಸರು, ಹೊಸ ಬಣ್ಣದ ದೋಣಿಗಳು. ಪುರ್ಸು ಮಾವ ಕಾಯಿ ಎತ್ತಿ ನಮ್ಮ ದೋಣಿಯ ಎಡಗೆನ್ನೆಗೆ ಬಡಿದರು. ಒಂದೇ ಏಟು. ಕಾಯಿ ಎರಡು ಹೋಳಾಯಿತು. ವೀಡಿಯೊ ಜೊತೆಗೆ ಮಂಜುವಿನ ದನಿ, ಬಹಳ ಖುಷಿಯಲ್ಲಿ:

"ಬಲಬದಿಗೆ ಪೆಟ್ಟಾಗ್ಯದೆ ಅಂದಿದ್ಯಲ್ಲೇ ಅಕ್ಕಾ. ಅದ್ಕೇ ಈ ಸಲ ಮಾವ ಎಡಬದಿಗೆ ಒಡದ್ರು. ನಿನ್ನ ಮಾತೂ ಉಳೀತು, ಪದ್ಧತಿನೂ ಉಳೀತು."

ನನ್ನ ಮಾತು ಉಳಿಸಲೆಂದು, ಹೋಲಿಸಲು ನನಗಿದ್ದ ಒಂದೇ ಒಂದು ಒಳ್ಳೆಯ ಕೆನ್ನೆಯನ್ನೂ ಹೊಡೆದಿದ್ದರು. ಬೈಯಲು ಫೋನು ಮಾಡಿದರೆ ತಾಗಲಿಲ್ಲ. ಅವನು ಆಗಲೇ ಸಮುದ್ರದಲ್ಲಿದ್ದ.

ಅಲ್ಲಿಂದ ಮುಂದಿನ ದಿನಗಳನ್ನು ನಾನು ಪ್ರವಾಸವೆಂದು ಹೇಳಲಾರೆ. ಊರು ಚೆನ್ನಾಗಿತ್ತು. ಮಳೆಯಲ್ಲಿ ತೊಳೆದ ಕಲ್ಲಿನ ಬೀದಿಗಳು, ನದಿಯ ದಂಡೆಯ ಹಳೆಯ ಮರದ ಕ್ರೇನು, ಅಂಬರ್ ಎಂಬ ಜೇನುಬಣ್ಣದ ಮಣಿ ಮಾರುವ ಅಂಗಡಿಗಳು, ಎಲ್ಲದರ ಮುಂದೆಯೂ ನಿಂತೆ. ಏನನ್ನೂ ನೋಡಲಿಲ್ಲ. ಊರಿನಲ್ಲಿ ದೋಣಿ ಬರುವ ಹೊತ್ತು ಇಲ್ಲಿಯ ಬೆಳಿಗ್ಗೆ. ಅವನ ಫೋನು ಬರುವ ತನಕ ಹಲೀನಾ ಕೊಟ್ಟ ರೊಟ್ಟಿಯನ್ನು ನಾನು ಮುಟ್ಟುತ್ತಿರಲಿಲ್ಲ. ಆಕೆಗೆ ನನ್ನ ಇಂಗ್ಲಿಷು ಅರ್ಧ ಅರ್ಥವಾಗುತ್ತಿತ್ತು. ಅಷ್ಟೇ ಸಾಕಾಯಿತು. ಒಂದು ಬೆಳಿಗ್ಗೆ ನನ್ನ ಜೊತೆ ಮೇಜಿನ ಎದುರು ಕುಳಿತು, ಫೋನು ಬರುವವರೆಗೆ ತಾವೂ ತಿನ್ನಲಿಲ್ಲ.

ವಾಪಸು

ಬರುವಾಗಲೂ ರೆಕ್ಕೆಯ ಪಕ್ಕದ ಸೀಟೇ. ಈ ಸಲ ರೆಕ್ಕೆಯ ಕಡೆ ನೋಡಲಿಲ್ಲ. ಒಂದು ಹೆದರಿಕೆ ದೊಡ್ಡದಾದರೆ ಉಳಿದವು ತಾವಾಗಿ ಜಾಗ ಬಿಡುತ್ತವೆ. ಗೋವಾದಲ್ಲಿ ಇಳಿದಾಗ ಕಸ್ಟಮ್ಸಿನವರು ಯಂತ್ರದ ಡಬ್ಬಿ ತೆಗೆಸಿದರು. ಕಾಲೇಜಿನ ಕಾಗದ ತೋರಿಸಿದೆ, ಬಿಟ್ಟರು. ಗಂಡ ಕಾರು ತಂದಿದ್ದರು. ಹಬ್ಬುವಾಡದ ತಿರುವಿನಲ್ಲಿ ಮನೆಗೆ ಹೋಗಿ ಸ್ನಾನವಾದರೂ ಮಾಡು ಎಂದರು. ಬೇಡ, ಸೀದಾ ಹಾರವಾಡಕ್ಕೆ ಎಂದೆ. ಮಂಜು ನಾನು ಬರುವ ದಿನ ಮಾತ್ರ ದೋಣಿ ಇಳಿಸುವುದಿಲ್ಲವೆಂದು ಮಾತು ಕೊಟ್ಟಿದ್ದ, ಅದನ್ನು ಉಳಿಸಿಕೊಂಡಿದ್ದ.

ಹಾರವಾಡ

ದೋಣಿ ಮರಳಿನ ಮೇಲಿತ್ತು. ಬಲಗೆನ್ನೆಗೆ ಬಿಲ್ಲೆ ಅಂಟಿಸಿ ಅಲೆ ಓಡಿಸಿದೆ. ಎಡಗೆನ್ನೆಗೆ ಓಡಿಸಿದೆ. ಹಿಂದಿನ ಪಕ್ಕೆಗೂ ಓಡಿಸಿದೆ. ಬಲಗಡೆಯ ಅಲೆ ಸೋತು ಬಂತು. ಎಡಗಡೆಯದೂ ಸ್ವಲ್ಪ ಸೋತೇ ಬಂತು. ಹಿಂದಿನ ಪಕ್ಕೆಯಲ್ಲಿ ಪದರಗಳೇ ಕಡಿಮೆ, ಅದರ ಜೊತೆ ಹೋಲಿಸಿದರೆ ಅರ್ಥವಿಲ್ಲ. ಇದು ಪೆಟ್ಟೋ, ದೋಣಿ ಮಾಡಿದವರು ಅಲ್ಲಿ ಅಂಟು ಹೆಚ್ಚು ಸುರಿದದ್ದೋ, ನನಗೆ ಖಚಿತವಾಗಿ ಹೇಳಲಾಗಲಿಲ್ಲ. ಮಂಜು ಪರದೆಯನ್ನೂ ನನ್ನ ಮುಖವನ್ನೂ ನೋಡಿದ.

"ಸಮಾ ಹೇಳೇ ಅಕ್ಕಾ. ಹಾಳಾಗ್ಯದೆಯಾ, ಇಲ್ವಾ?"

ತಿಳಿಯಬೇಕಾದರೆ ಕೊಯ್ದೇ ನೋಡಬೇಕು. ಕೊಯ್ದ ಮೇಲೆ ಒಳಗೆ ಗಟ್ಟಿಯಾಗಿದ್ದರೆ, ಸೀಸನ್ನಿನ ಮೊದಲಲ್ಲೇ ಒಳ್ಳೆಯ ದೋಣಿಗೆ ತೂತು ಮಾಡಿಸಿದವಳು ನಾನು. ಜೀವನವಿಡೀ ಇಲ್ಲದ ಹಾವು ಕಂಡವಳು. ಇದೂ ಅಂಥದ್ದೇ ಒಂದಾಗಿದ್ದರೆ? ಆ ಹೆದರಿಕೆ ಕೂಡ ಸಣ್ಣದಲ್ಲ. ಆದರೂ ಇನ್ನೊಂದು ಬೆಳಿಗ್ಗೆ ಫೋನಿಗಾಗಿ ಕಾಯುವುದು ನನ್ನಿಂದಾಗುತ್ತಿರಲಿಲ್ಲ. ಕೊಯ್ಯಿ ಎಂದೆ.

ಮಂಜು ಗ್ರೈಂಡರ್ ತಂದು, ಬಲಗೆನ್ನೆಯ ಹಳೆಯ ಕುಂಕುಮದ ಜಾಗದಲ್ಲಿ ಅಂಗೈಯಷ್ಟು ಚೌಕ ಕೊಯ್ದ. ಮೇಲಿನ ಪದರ ಎದ್ದು ಬಂತು. ಅದರ ಕೆಳಗಿನದನ್ನು ಕೊಯ್ಯಬೇಕಾಗಲೇ ಇಲ್ಲ. ಬೆರಳು ಹಾಕಿ ಎಳೆದರೆ ಪದರ ಪದರವಾಗಿ ಬಿಚ್ಚಿಕೊಂಡು ಬಂದವು, ಒದ್ದೆಯಾಗಿ, ಬೆಳ್ಳಗಾಗಿ. ನಂತರ ಒಳಗಿನ ಪೆಟ್ಟಿಗೆಯಿಂದ ನೀರು ಇಳಿಯಿತು. ಸ್ವಲ್ಪವಲ್ಲ, ನಾವು ನೋಡುತ್ತ ನಿಂತಷ್ಟು ಹೊತ್ತೂ ಮರಳಿಗೆ ಇಳಿಯುತ್ತಲೇ ಇತ್ತು. ಮಂಜು ಗ್ರೈಂಡರ್ ಕೆಳಗಿಟ್ಟ. ನನಗೆ ನಾನು ಸರಿ ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಇವನು ನಿನ್ನೆ ಇದರಲ್ಲಿ ಹೋಗಿ ಬಂದಿದ್ದಾನೆ ಎಂದಷ್ಟೇ ಅನ್ನಿಸಿ ಅವನ ಅಂಗಿಯನ್ನು ಹಿಡಿದುಕೊಂಡೆ.

ಪುರ್ಸು ಮಾವ ಹತ್ತಿರ ಬಂದು ಆ ತೂತಿನೊಳಗೆ ಕೈ ಹಾಕಿದರು. ಆ ಗಟ್ಟಿ ಕೈ. ಒಳಗೆಲ್ಲ ತಡವಿ ಹೊರಗೆ ತೆಗೆದು, ಒದ್ದೆ ಬೆರಳುಗಳನ್ನು ನೋಡಿಕೊಂಡರು. ಅವರು ನಮ್ಮ ದೋಣಿಯ ಬಗ್ಗೆ ಕೇಳಲಿಲ್ಲ.

"ಕೇರಿಯ ಎಲ್ಲಾ ದೋಣಿಗೂ ಒಡದ ಕೈ ಇದೇ ಅಲ್ವೇ ತಂಗೀ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಇಷ್ಟು ದಿನ ನನ್ನ ಹೆದರಿಕೆಯಲ್ಲಿ ಒಂದೇ ದೋಣಿ ಇತ್ತು, ಒಬ್ಬನೇ ಮನುಷ್ಯ ಇದ್ದ. ಈಗ ದಂಡೆಯ ಮೇಲೆ ಕಣ್ಣು ಹಾಯಿಸಿದೆ. ನಮ್ಮದೊಂದನ್ನು ಬಿಟ್ಟು ಮರಳು ಖಾಲಿ. ಎಲ್ಲರೂ ಹೋಗಿದ್ದರು. ಮಧ್ಯಾಹ್ನದ ಗಾಳಿ ಏಳುತ್ತಿತ್ತು, ಅಲೆಗೆ ಬಿಳಿ ತಲೆ ಬಂದಿತ್ತು. ಮಂಜು ಒಬ್ಬೊಬ್ಬರಿಗೂ ಫೋನು ಮಾಡಿದ. ಯಾರಿಗೂ ತಾಗಲಿಲ್ಲ.

ಮಾವ ನೀರಿನ ಅಂಚಿಗೆ ಹೋಗಿ ನಿಂತರು. ನೆರಳಿಗೆ ಬನ್ನಿ ಎಂದರೆ ಬರಲಿಲ್ಲ, ಕೊಟ್ಟ ನೀರು ಕುಡಿಯಲಿಲ್ಲ. ಮೊದಲ ದೋಣಿ ದೂರದಲ್ಲಿ ಕಂಡಾಗ ಮೊಣಕಾಲ ತನಕ ನೀರಿಗೆ ಇಳಿದರು. ಅದು ಬಂದು ಮರಳಿಗೆ ತಾಗಿದ ಕೂಡಲೆ ಅದರ ಬಲಗೆನ್ನೆಯ ಮೇಲೆ ಕೈ ಇಟ್ಟು, ಇದನ್ನು ನಾಳೆ ಇಳಿಸಬೇಡಿ ಎಂದರು. ದೋಣಿಯವರು ಏನೋ ಕೇಳಿದರು. ಮಾವ ಆಗಲೇ ಮುಂದಿನ ದೋಣಿಯತ್ತ ತಿರುಗಿದ್ದರು. ಹಾಗೆ ಒಂದೊಂದಕ್ಕೂ. ನಾವೆಲ್ಲ ಅವರ ಹಿಂದೆ ನಿಂತಿದ್ದೆವು. ಕೊನೆಯ ದೋಣಿ ಬಹಳ ತಡ ಮಾಡಿತು. ಅದು ಬಂದು, ಒಳಗಿದ್ದವರೆಲ್ಲ ಕಾಲು ಕೆಳಗೆ ಹಾಕಿದ ಮೇಲೆ, ಪುರ್ಸು ಮಾವ ಅಲ್ಲಿಯೇ ಒದ್ದೆ ಮರಳಿನ ಮೇಲೆ ಕುಳಿತು, ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಅತ್ತರು.